ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಇಂಟರ್ನೆಟ್‌ನಲ್ಲಿ ಹುಡುಕಿ ಕಲಿಯುವುದನ್ನು ಹೇಗೆ ಹೇಳಿಕೊಡುವುದು?
ಒಂದೇ ಒಂದು ಸಣ್ಣ ಪ್ರಶ್ನೆ ಕೊಡಿ. 'ಜೋಗದ ಬಗ್ಗೆ ಹುಡುಕು' ಅಂದರೆ ಮಗುವಿಗೆ ದಿಕ್ಕೇ ತೋಚುವುದಿಲ್ಲ. 'ಜೋಗ ಜಲಪಾತದ ಎತ್ತರ ಎಷ್ಟು ಮೀಟರ್?' ಅಂದರೆ ಹುಡುಕಬೇಕಾದ ಪದಗಳು ಪ್ರಶ್ನೆಯಲ್ಲೇ ಇವೆ, ಅಲ್ವಾ? ಸಾಗರದ ಹತ್ತಿರ ನಾನು ಪಾಠ ಹೇಳಿಕೊಡುವ ಏಳನೇ ಕ್ಲಾಸಿನ ಹುಡುಗಿಗೆ ಟೈಪ್ ಮಾಡುವುದೇ ಕಷ್ಟ. ಮೈಕ್ ಒತ್ತಿ ಕನ್ನಡದಲ್ಲೇ ಕೇಳು ಅಂದೆ. 253 ಮೀಟರ್ ಅಂತ ಬಂತು. ಆ ಸಾಲಿನ ಕೆಳಗೆ ಬೆರಳಿಟ್ಟು ಓದಿಸಿದೆ. ಆಮೇಲೆ ಫೋನ್ ಮಗುಚಿಟ್ಟು, ಅವಳ ಮಾತಿನಲ್ಲೇ ನೋಟ್‌ಬುಕ್ಕಿಗೆ ಬರೆಸಿದೆ. ಈ ಬರೆಸುವುದನ್ನು ಮಾತ್ರ ಬಿಡಬೇಡಿ. ಸುಮ್ನೆ ನೋಡಿದ್ದು ಜಾಸ್ತಿ ದಿನ ತಲೆಯಲ್ಲಿ ನಿಲ್ಲುವುದಿಲ್ಲ.

ಪಾಠವೇ ಅರ್ಥವಾಗದಿದ್ದರೆ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ಕಲಿಕಾ ಆ್ಯಪ್ ಆದ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿಸಿ, ಆ ಪಾಠದ ವಿಡಿಯೊಗಳಂಥ ಸಾಮಗ್ರಿ ಸಿಗುತ್ತದೆ. ನೆಟ್‌ವರ್ಕ್ ಸಿಗುವ ಕಡೆ ಅದನ್ನು ಡೌನ್‌ಲೋಡ್ ಮಾಡಿಟ್ಟರೆ, ಮಳೆಗಾಲದಲ್ಲಿ ಸಿಗ್ನಲ್ ಹೋದರೂ ಮನೆಯಲ್ಲಿ ಕೂತು ನೋಡಬಹುದು.