ಮೊದಲು ನನ್ನನ್ನು ನಾನು ಅರಿಯಬೇಕಾ, ಇಲ್ಲಾ ಪರಿಸರದ ಕೆಲಸಕ್ಕೆ ಇಳಿಯಬೇಕಾ?

ನೀವು ಕೇಳಿದ್ದು ಇಷ್ಟು. ಧಾರವಾಡದಲ್ಲಿ ಎಂ.ಎಸ್‌ಸಿ. ಓದುತ್ತಿದ್ದೀರಿ. ಎರಡು ವರ್ಷದಿಂದ ದಿನಾ ಧ್ಯಾನಕ್ಕೆ ಕೂರುತ್ತಿದ್ದೀರಿ. ಪರಿಸರದ ಕೆಲಸ ಮಾಡುವ ಗೆಳೆಯರು ಬಾ ಅಂತ ಕರೆಯುತ್ತಿದ್ದಾರೆ. ಆದರೆ "ಒಳಗೆ ನಾನಿನ್ನೂ ಗಟ್ಟಿಯಾಗಿಲ್ಲ, ಮೊದಲು ನನ್ನನ್ನು ನಾನು ತಿಳಿದುಕೊಂಡು ಆಮೇಲೆ ಹೋರಾಟಕ್ಕೆ ಹೋಗಲಾ?" ಅನ್ನುವುದು ನಿಮ್ಮ ಅನುಮಾನ.

ಈಗಲೇ ಹೋಗಿ, ಕಾಯಬೇಡಿ. ಯಾಕೆ ಅಂತ ಹೇಳಬೇಕಾದರೆ ನನ್ನ ಕತೆಯನ್ನೇ ಹೇಳಬೇಕು.

ನಾನು ಗದಗಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತೇನೆ. ಇಪ್ಪತ್ತೆರಡು ವರ್ಷ ಆಯಿತು. ರೈತರು ಬೋರ್‌ವೆಲ್‌ನಿಂದ ಮೇಲೆತ್ತಿದ ಮೋಟಾರು ತರುತ್ತಾರೆ. ನಾನು ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತೇನೆ. ಬೋರ್‌ವೆಲ್ ಒಳಗಿನ ಮೋಟಾರನ್ನು ತಂಪಾಗಿಡುವುದು ಅದರ ಸುತ್ತಲಿನ ನೀರೇ. ನೀರು ಕೆಳಗಿಳಿದು ಮೋಟಾರು ಒಣಗಿ ಓಡಿದರೆ ಕಾಯಿಲ್ ಕಾಯುತ್ತದೆ, ತಂತಿಯ ಮೇಲಿನ ಹೊದಿಕೆ ಕರಗುತ್ತದೆ, ಒಳಗೇ ಶಾರ್ಟ್ ಆಗುತ್ತದೆ. ಬಿಚ್ಚಿದ ಕೂಡಲೇ ಮೂಗಿಗೆ ಬಡಿಯುವ ಆ ವಾಸನೆ ಮನೆಗೆ ಹೋಗಿ ಸ್ನಾನ ಮಾಡಿದರೂ ಹೋಗುವುದಿಲ್ಲ. ಅಂಗಡಿ ತೆರೆದ ಹೊಸದರಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಐದು ಎಚ್‌ಪಿ ಮೋಟಾರು. ಈಗ ಏಳೂವರೆ, ಹತ್ತು ಜಾಸ್ತಿ. ನೀರು ಎಷ್ಟು ಆಳಕ್ಕೆ ಹೋಗಿದೆ ಅಂತ ನನಗೆ ಯಾರೂ ಹೇಳಬೇಕಿಲ್ಲ, ಅಂಗಡಿ ಮುಂದೆ ಇಳಿಸುವ ಮೋಟಾರಿನ ಉದ್ದ ನೋಡಿದರೆ ಗೊತ್ತಾಗುತ್ತದೆ.

ಆಗ ನಾನೂ ನಿಮ್ಮ ಹಾಗೆಯೇ ಇದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಮುಕ್ಕಾಲು ಗಂಟೆ ಕೂರುತ್ತಿದ್ದೆ. ಸೋಮವಾರ ತೋಂಟದಾರ್ಯ ಮಠದಲ್ಲಿ ನಡೆಯುವ ಶಿವಾನುಭವ ಎಂಬ ಉಪನ್ಯಾಸಕ್ಕೆ ಹೋಗುತ್ತಿದ್ದೆ. ನನ್ನಲ್ಲಿ ಶಾಂತಿ ಬಂದಿದೆ ಅಂತ ನಂಬಿದ್ದೆ. ಹತ್ತು ಗಂಟೆಗೆ ಅಂಗಡಿ ಬಾಗಿಲು ತೆಗೆದು, ಕೆಲಸದ ಹುಡುಗ ಒಂದು ಸುತ್ತು ಎಣಿಕೆ ತಪ್ಪಿದರೆ ಸಾಕು, ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದೆ. ಬೆಳಗಿನ ಶಾಂತಿಗೂ ಆ ಬೈಗುಳಕ್ಕೂ ಏನು ಸಂಬಂಧ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

2016ರ ಬರದಲ್ಲಿ ಡೋಣಿ ಹಳ್ಳಿ ಕಡೆಯ ಹಿರಿಯರೊಬ್ಬರು ಒಂದೇ ವರ್ಷದಲ್ಲಿ ಮೂರನೇ ಸಲ ಅದೇ ಮೋಟಾರು ತಂದರು. ಟಂಟಂ ಗಾಡಿಯಿಂದ ಇಳಿಸಿ, ಅದರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. ರೇಟು ಕೇಳಲಿಲ್ಲ. "ತಮ್ಮಾ, ನೀ ಚಲೋನ ಸುತ್ತತಿ. ಗುಡ್ಡದ ನೀರ ಬತ್ತಿದ್ರ ನೀ ಆದ್ರೂ ಏನ್ ಮಾಡ್ತಿ?" ಅಂದರು.

ಗುಡ್ಡ ಅಂದರೆ ಕಪ್ಪತಗುಡ್ಡ. ನೀವು ಧಾರವಾಡದವರು, ಹೆಸರು ಕೇಳಿರುತ್ತೀರಿ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹರಡಿಕೊಂಡ ಬೆಟ್ಟಸಾಲು, ಔಷಧಿ ಗಿಡಗಳಿಗೆ ಹೆಸರುವಾಸಿ. ನಮ್ಮ ಬಯಲುಸೀಮೆಯಲ್ಲಿ ಮಳೆ ನೀರನ್ನು ಹಿಡಿದು ನಿಧಾನಕ್ಕೆ ಕೆಳಗಿನ ಬಾವಿ, ಹಳ್ಳಗಳಿಗೆ ಬಿಡುವಂಥ ಜಾಗ ಅಂತ ಇರುವುದೇ ಅದು. 2015ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತ್ತು. ಒಂದು ವರ್ಷ ತುಂಬುವುದರೊಳಗೆ, 2016ರ ನವೆಂಬರ್‌ನಲ್ಲಿ, ಆದೇಶ ವಾಪಸ್ ತೆಗೆದುಕೊಂಡಿತು. ಗುಡ್ಡದ ಹೊಟ್ಟೆಯಲ್ಲಿ ಚಿನ್ನ ಇದೆ, ಕಬ್ಬಿಣದ ಅದಿರು ಇದೆ. ಯಾಕೆ ವಾಪಸ್ ತೆಗೆದುಕೊಂಡರು ಅಂತ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಮುಂದೆ ನಿಂತು ನಡೆಸಿದವರು ತೋಂಟದ ಸಿದ್ಧಲಿಂಗ ಅಜ್ಜಾರು. ಹೊರಗಿನವರಿಗೆ ಮಠದ ಸ್ವಾಮಿಗಳು ಬೀದಿಗೆ ಬಂದದ್ದು ಆಶ್ಚರ್ಯ ಅನಿಸಬಹುದು. ನಮಗೆ ಅನಿಸಲಿಲ್ಲ. ನಮ್ಮ ಜಿಲ್ಲೆಯ ಹಳ್ಳಿಗುಡಿಯಲ್ಲಿ ರೈತರ ಹೊಲ ತೆಗೆದುಕೊಂಡು ಪೋಸ್ಕೊ ಉಕ್ಕಿನ ಕಾರ್ಖಾನೆ ಕಟ್ಟುವ ಯೋಜನೆ ಬಂದಾಗಲೂ ಅವರು ರೈತರ ಜೊತೆಗೇ ನಿಂತಿದ್ದರು, 2011ರ ಜುಲೈನಲ್ಲಿ ಅದು ನಿಂತಿತು. ಅಲ್ಲೇ ಗುಡ್ಡದ ಮಡಿಲಿನ ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳೂ ಗುಡ್ಡ ಉಳಿಸುವ ಕೆಲಸವನ್ನೇ ಪೂಜೆ ಅಂದುಕೊಂಡವರು. ಧ್ಯಾನ ಒಂದು ಕಡೆ, ನೆಲದ ಕೆಲಸ ಇನ್ನೊಂದು ಕಡೆ ಅನ್ನುವ ಗೋಡೆಯನ್ನು ನಮ್ಮ ಭಾಗದಲ್ಲಿ ದೊಡ್ಡವರು ಯಾರೂ ಕಟ್ಟಲಿಲ್ಲ. ನನ್ನ ತಲೆಯಲ್ಲಿ ಆ ಗೋಡೆ ಎಲ್ಲಿಂದ ಬಂತೋ.

ಧರಣಿಗೆ ನಾನೂ ಹೋದೆ. ಅಂಗಡಿ ಮುಚ್ಚಿ ರಾತ್ರಿ ಅಲ್ಲೇ ಮಲಗಿದೆ. ಗುಡ್ಡಕ್ಕೆ ಆ ವರ್ಷವೇ ಸಂರಕ್ಷಣೆ ವಾಪಸ್ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಅಭಯಾರಣ್ಯ ಆಯಿತು. ಅದನ್ನು ನೋಡಲು ಅಜ್ಜಾರು ಇರಲಿಲ್ಲ, 2018ರ ಅಕ್ಟೋಬರ್‌ನಲ್ಲಿ ಲಿಂಗೈಕ್ಯರಾಗಿದ್ದರು. ಈ ಸಾಲು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಆದರೆ ನನ್ನನ್ನು ನಾನು ನೋಡಿದ್ದು ಧರಣಿಯಲ್ಲಲ್ಲ. ಅಲ್ಲಿ ಸಾವಿರ ಜನರ ನಡುವೆ ಎಲ್ಲರೂ ಒಳ್ಳೆಯವರೇ ಆಗುತ್ತಾರೆ.

ಆ ಮಳೆಗಾಲದಲ್ಲಿ ನಾವು ಹನ್ನೆರಡು ಜನ ಸೇರಿ ಗುಡ್ಡದ ಬುಡದ ಗಾಯರಾಣದಲ್ಲಿ, ಅಂದರೆ ಊರ ದನಕುರಿ ಮೇಯುವ ಜಾಗದಲ್ಲಿ, ಅರವತ್ತು ಸಸಿ ಹಚ್ಚಿದೆವು. ಬೇವು, ಹೊಂಗೆ, ಹುಣಸೆ. ನಾನು ಪ್ರತಿಯೊಂದರ ಪಕ್ಕ ಕೂತು ಫೋಟೊ ತೆಗೆಸಿಕೊಂಡೆ. ದೀಪಾವಳಿ ಹೊತ್ತಿಗೆ ಹೋಗಿ ನೋಡಿದರೆ ನಾಲ್ಕು ಉಳಿದಿದ್ದವು. ಉಳಿದವೆಲ್ಲ ಕುರಿ, ಆಡು ಮೇಯ್ದ ಗುರುತು. ನನಗೆ ತಲೆ ಕೆಟ್ಟಿತು. ಅಲ್ಲೇ ಕುರಿ ಕಾಯುತ್ತಿದ್ದ ಒಬ್ಬ ಅವ್ವನ ಮೇಲೆ ಕೂಗಾಡಿದೆ. ಅಂಗಡಿ ಹುಡುಗನ ಮೇಲೆ ಕೂಗುತ್ತಿದ್ದೆನಲ್ಲ, ಅದೇ ಧ್ವನಿ.

ಆಕೆ ಕೋಲಿನ ಮೇಲೆ ಎರಡೂ ಕೈ ಇಟ್ಟು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು: "ಗಿಡಾ ಹಚ್ಚೂ ಮುಂದ ನಮ್ಮನ್ನ ಒಂದ್ ಮಾತ್ ಕೇಳಿದ್ರೇನ್ ತಮ್ಮಾ? ಇದು ಕುರಿ ಹಾಯೋ ದಾರಿ. ನಮ್ಮಜ್ಜನ ಕಾಲದಿಂದ ಇಲ್ಲೇ ಹಾಯ್ತಾವ."

ಕೇಳಿರಲಿಲ್ಲ. ಹನ್ನೆರಡು ಜನರಲ್ಲಿ ಒಬ್ಬರಿಗೂ ಕೇಳಬೇಕು ಅಂತ ಹೊಳೆದಿರಲಿಲ್ಲ.

ಆಕೆ ಅಲ್ಲಿಗೆ ಬಿಡಲಿಲ್ಲ. ಕೂರು ಅಂದಳು. ಒಂದು ಹುಲ್ಲಿನ ಬುಡ ಹಿಡಿದು ಎಳೆದಳು. ಬರಲಿಲ್ಲ. ಕೋಲಿನಿಂದ ಮಣ್ಣು ಕೆದರಿ ಬೇರು ತೋರಿಸಿದಳು. ಮೇಲೆ ಒಂದು ಗೇಣು ಹುಲ್ಲು. ಕೆಳಗೆ ಕೂದಲಿನಂಥ ಬೇರು, ಒಂದಕ್ಕೊಂದು ಹೆಣೆದು, ಅಲ್ಲಲ್ಲಿ ಮಸಾರಿ ಮಣ್ಣಿನ ಸಣ್ಣ ಉಂಡೆಗಳನ್ನು ಹಿಡಿದುಕೊಂಡಿತ್ತು. ಬೆರಳಿಟ್ಟರೆ ಒಳಗೆ ಇನ್ನೂ ತಂಪು. ಮಳೆ ನಿಂತು ಎಷ್ಟೋ ದಿನ ಆಗಿತ್ತು. ನಾನು ವರ್ಷಗಟ್ಟಲೆ ಸುಟ್ಟ ಮೋಟಾರು ಬಿಚ್ಚಿದವನು. ನೀರು ಎಲ್ಲಿ ಹೋಯಿತು ಅಂತ ಬಲ್ಲೆ, ನೀರು ಎಲ್ಲಿ ನಿಲ್ಲುತ್ತದೆ ಅಂತ ಅವತ್ತೇ ನೋಡಿದ್ದು.

ಆಮೇಲೆ ತಿಳಿದವರನ್ನು ಕೇಳಿ ಇನ್ನಷ್ಟು ಅರ್ಥ ಆಯಿತು. ಕಪ್ಪತಗುಡ್ಡ ಮಲೆನಾಡಿನ ಕಾಡಲ್ಲ. ಅದು ಕುರುಚಲು ಮತ್ತು ಹುಲ್ಲುಗಾವಲು. ತೋಳ, ಕತ್ತೆಕಿರುಬ ಬದುಕುವುದು ಅಂಥ ಬಯಲಿನಲ್ಲೇ. ಅಲ್ಲಿ ಒತ್ತಾಗಿ ಮರ ನೆಟ್ಟು ತುಂಬಿಸಿದರೆ ಅವುಗಳ ಮನೆ ಕೆಡಿಸಿದ ಹಾಗೆ. ಖಾಲಿ ಜಾಗ ಕಂಡ ಕೂಡಲೇ ಸಸಿ ಹಚ್ಚುವುದು ಸೇವೆ ಅಂತ ನಾನು ತಿಳಿದಿದ್ದೆ. ಅದು ಖಾಲಿಯೇ ಆಗಿರಲಿಲ್ಲ.

ಇದಕ್ಕೆ ನಮ್ಮ ಭಾಗದಲ್ಲೇ ಹಳೆಯ ಪಾಠ ಇದೆ. ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ನಡೆಯಿತು. ಹಳ್ಳಿಯವರ ಮೇವು, ಸೌದೆಗೆ ಆಧಾರವಾಗಿದ್ದ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿ ನೆಟ್ಟಿದ್ದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಅದನ್ನು ಕಟ್ಟಿದ ಎಸ್.ಆರ್. ಹಿರೇಮಠ ಅವರು, ಊರಿನ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಗಿಡ ಕೀಳುವುದೂ ಪರಿಸರದ ಕೆಲಸ ಆಗಬಹುದು ಅಂತ ಈ ಸುದ್ದಿ ಓದಿದಾಗ ಹೊಳೆಯಿತು. ಯಾವ ಗಿಡ, ಯಾರ ನೆಲ, ಯಾರನ್ನು ಕೇಳಿ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಇನ್ನೊಂದು ಹೇಳಬೇಕು, ಬೆಂಕಿಯದ್ದು. ಫೆಬ್ರವರಿ ಕಳೆದರೆ ಗುಡ್ಡದ ಹುಲ್ಲು ಒಣಗಿ ನಿಲ್ಲುತ್ತದೆ. ಒಂದು ಬೀಡಿ ತುಂಡು ಸಾಕು. ಹೊಸ ಹುಲ್ಲು ಚೆನ್ನಾಗಿ ಚಿಗುರಲಿ ಅಂತ ಬೇಕಂತಲೇ ಹಚ್ಚುವವರೂ ಇದ್ದಾರೆ. ಒಂದು ಸಂಜೆ ಕರೆ ಬಂತು, ಬೈಕಿನಲ್ಲಿ ಹೋದೆವು. ದೂರಕ್ಕೆ ಚಂದ ಕಾಣುತ್ತದೆ, ಕೆಂಪು ದಾರ ಎಳೆದ ಹಾಗೆ. ಹತ್ತಿರ ಹೋದರೆ ಚಟಪಟ ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು, ಫೋನ್ ತೆಗೆದು ವಿಡಿಯೊ ಮಾಡಲು ನಿಂತೆ. ಫಾರೆಸ್ಟ್ ವಾಚರ್ ಒಬ್ಬರು ಒಂದು ಹಸಿ ಟೊಂಗೆ ಮುರಿದು ನನ್ನ ಕೈಗೆ ತುರುಕಿದರು. "ಫೋಟೊ ಆಮ್ಯಾಲ. ಮೊದ್ಲ ಇದನ್ನ ಹಿಡೀರಿ."

ಟೊಂಗೆ ಎತ್ತಿ ಎತ್ತಿ ಹೊಡೆಯಬಾರದು. ಹಾಗೆ ಹೊಡೆದರೆ ಕಿಡಿ ಹಾರಿ ಆಚೆಯ ಹುಲ್ಲಿಗೆ ಬೀಳುತ್ತದೆ. ಸುಟ್ಟ ನೆಲದ ಮೇಲೆ ನಿಂತು, ಟೊಂಗೆಯನ್ನು ಬೆಂಕಿಯ ಮೇಲೆ ಒತ್ತಿ, ಸುಟ್ಟ ಕಡೆಗೇ ಎಳೆಯಬೇಕು. ಒತ್ತು, ಎಳೆ, ಒಂದು ಹೆಜ್ಜೆ. ಸಿಟ್ಟಿನಿಂದ ಹೊಡೆದಷ್ಟೂ ಬೆಂಕಿ ಹರಡುತ್ತದೆ. ರಾತ್ರಿ ಹನ್ನೊಂದರ ತನಕ ಇದೇ. ಮಾರನೆಯ ದಿನ ಅಂಗಡಿಯಲ್ಲಿ ಹುಡುಗ ಮತ್ತೆ ಎಣಿಕೆ ತಪ್ಪಿದ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಕೈಯಲ್ಲಿ ಬೊಬ್ಬೆ ಎದ್ದಿದ್ದವು, ಅವನ್ನೇ ನೋಡುತ್ತ ಕೂತೆ. ಆಮೇಲೆ ಇಬ್ಬರೂ ಸೇರಿ ಮೊದಲಿನಿಂದ ಎಣಿಸಿದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಣ್ಣು ಮುಚ್ಚಿ ಕೂತಾಗ ನನಗೆ ಕಂಡದ್ದು ನಾನು ಆಗಬೇಕು ಅಂದುಕೊಂಡಿದ್ದ ಮನುಷ್ಯ. ನಿಜವಾಗಿ ಹೇಗಿದ್ದೇನೆ ಅಂತ ತೋರಿಸಿದ್ದು ಆ ಅವ್ವ, ಆ ವಾಚರ್, ಸತ್ತ ಐವತ್ತಾರು ಸಸಿ. ಕೇಳದೆ ಕೆಲಸ ಮಾಡುವವನು, ಕಾಣಿಸಿಕೊಳ್ಳಬೇಕು ಅನ್ನುವ ಹಸಿವು ಇರುವವನು, ಸಿಟ್ಟನ್ನು ಧರ್ಮ ಅಂದುಕೊಂಡವನು. ನೋಡುವುದು ಕಷ್ಟವಾಯಿತು. ಹಾಗಂತ ಧ್ಯಾನ ಬಿಡಬೇಡಿ. ನಾನು ಬಿಟ್ಟಿಲ್ಲ. ಹೊರಗೆ ಕಂಡದ್ದನ್ನು ಓಡಿಹೋಗದೆ ನೋಡುವ ತಾಳ್ಮೆ ಬೆಳಗಿನ ಆ ಮುಕ್ಕಾಲು ಗಂಟೆಯಿಂದಲೇ ಬರುತ್ತದೆ. ಆದರೆ ಮೊದಲು ಒಳಗಿನದು ಮುಗಿಸಿ ಆಮೇಲೆ ಹೊರಗೆ ಅಂತ ಕಾದರೆ, ಒಳಗಿನದು ಮುಗಿಯುವುದೇ ಇಲ್ಲ.

ಧಾರವಾಡದಲ್ಲೇ ಇದ್ದೀರಿ, ದೂರ ಹೋಗಬೇಕಿಲ್ಲ. ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತದೆ. ಅದೇ ನೀರು ಕಲಘಟಗಿ ಕಡೆ ಬೇಡ್ತಿಯಾಗಿ, ಗಂಗಾವಳಿಯಾಗಿ ಕಡಲು ಸೇರುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ಅಲ್ಲಿಗೆ ಹೋಗಿ. ಒಂದು ವರ್ಷ ಸುಮ್ನೆ ನೋಡಿ. ನೀರಿನ ಬಣ್ಣ ಬರೆದಿಡಿ, ಯಾವ ಹಕ್ಕಿ ಬಂತು, ಯಾವ ಪೈಪಿನಿಂದ ಏನು ಬಿತ್ತು, ಪಕ್ಕದ ಮನೆಯವರು ಏನಂದರು. ಕೆಲಗೇರಿ ಕೆರೆ ಹತ್ತಿರ ಆದರೆ ಅದೂ ಆಗಬಹುದು. ಗೆಳೆಯರು ಸಸಿ ಹಚ್ಚಲು ಕರೆದರೆ ಹೋಗಿ, ಆದರೆ ಅಲ್ಲಿ ದಿನಾ ಓಡಾಡುವವರನ್ನು ಮೊದಲು ಮಾತಾಡಿಸಿ.

ಕಾಗದದ ಕೆಲಸ ಬೇಸರ ಅಂತ ತಳ್ಳಬೇಡಿ. ಗುಡ್ಡಕ್ಕೆ ಬಂದ ಸಂರಕ್ಷಣೆ ಹೋದದ್ದೂ ಕಾಗದದಲ್ಲೇ, ವಾಪಸ್ ಬಂದದ್ದೂ ಕಾಗದದಲ್ಲೇ. ಅಭಯಾರಣ್ಯದ ಸುತ್ತ ಗಣಿಗಾರಿಕೆಯಂಥ ಕೆಲಸಕ್ಕೆ ಕಡಿವಾಣ ಹಾಕುವ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆ ಬಂದರೆ ಆಕ್ಷೇಪಣೆ ಸಲ್ಲಿಸಲು 60 ದಿನ ಇರುತ್ತದೆ. ಆ 60 ದಿನದಲ್ಲಿ ಹಳ್ಳಿಯವರಿಗೆ ಓದಿ ಹೇಳುವ ಒಬ್ಬರು ಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಜನರ ತಿಳಿವಳಿಕೆ ಎಲ್ಲದರ ದಾಖಲೆ ಇಡಬೇಕು. ನಿಮ್ಮೂರಿನ ಪಂಚಾಯಿತಿಗೆ ಹೋಗಿ ಆ ದಾಖಲೆ ತೋರಿಸಿ ಅಂತ ಕೇಳಿ. ಎಂ.ಎಸ್‌ಸಿ. ಓದಿದವರು ಕೂತು ಬರೆಯಲು ಬಹಳ ಇದೆ ಅದರಲ್ಲಿ.

ಗುಡ್ಡ ನೋಡಬೇಕು ಅನಿಸಿದರೆ ಮಳೆಗಾಲ ಮುಗಿಯುತ್ತಿದ್ದಂತೆ ಬನ್ನಿ, ಹುಲ್ಲು ಆಗ ಹಸಿರಾಗಿ ತೂಗುತ್ತಿರುತ್ತದೆ. ಗದಗಿನಿಂದ ಡೋಣಿಗೆ ಹೋಗಿ. ಮೊದಲೇ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹತ್ತಿ. ಮೇಲೆ ಕುಡಿಯಲು ನೀರು ಸಿಗುವುದಿಲ್ಲ, ಎರಡು ಬಾಟಲಿ ತುಂಬಿಕೊಳ್ಳಿ. ದಾರಿಯಲ್ಲಿ ಕುರಿ ಕಾಯುವವರು ಸಿಕ್ಕರೆ ಅವಸರ ಮಾಡದೆ ಅವರ ಹತ್ತಿರ ಸ್ವಲ್ಪ ಹೊತ್ತು ಕೂರಿ.