ರಿಪೋರ್ಟ್ ಎಲ್ಲ ನಾರ್ಮಲ್, ಕುತ್ತಿಗೆಯ ಗಂಟು ಮಾತ್ರ ಇಳಿಯುತ್ತಿಲ್ಲ

ಪ್ರಶ್ನೆ: ನನಗೆ 31 ವರ್ಷ. ಮನೆ ಡೊಂಬಿವಲಿ, ಕೆಲಸ ಫೋರ್ಟ್‌ನಲ್ಲಿ. ಮೂರು ತಿಂಗಳಿಂದ ಕುತ್ತಿಗೆಯ ಬಲಗಡೆ ಎರಡು ಗಂಟುಗಳಿವೆ. ದೊಡ್ಡದು ಅಡಿಕೆಯಷ್ಟಿದೆ, ನೋವಿಲ್ಲ. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು. ತೂಕ 58 ಕಿಲೋದಿಂದ 54ಕ್ಕೆ ಇಳಿದಿದೆ. ಲೋಕಲ್ ಇಳಿದು ಮನೆ ಮುಟ್ಟುವಷ್ಟರಲ್ಲಿ ಕಾಲು ಸೋತುಹೋಗುತ್ತದೆ. ರಕ್ತ ಪರೀಕ್ಷೆ, ಥೈರಾಯ್ಡ್, ಎದೆಯ ಎಕ್ಸ್‌ರೇ ಎಲ್ಲ ನಾರ್ಮಲ್, ಉರಿಯೂತ ತೋರಿಸುವ ಇಎಸ್‌ಆರ್ ಮಾತ್ರ 62. ಸೂಜಿ ಪರೀಕ್ಷೆಯಲ್ಲಿ ‘ರಿಯಾಕ್ಟಿವ್’ (ಸೋಂಕಿಗೋ ಏನಕ್ಕೋ ಊದಿದ ಗ್ರಂಥಿಯಷ್ಟೇ) ಎಂದು ಬಂತು. ಎರಡು ಸಲ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿಸಿದೆ. ಒಬ್ಬ ಡಾಕ್ಟರು ಐದು ದಿನ ಸ್ಟೀರಾಯ್ಡ್ ಕೊಟ್ಟಾಗ ಗಂಟು ಕರಗಿತು, ಎರಡು ವಾರದಲ್ಲಿ ಮತ್ತೆ ಬಂತು. ಇನ್ನೊಬ್ಬರು ‘ಎಲ್ಲ ಟೆನ್ಷನ್ನು, ರಜೆ ಹಾಕಿ’ ಎಂದರು. ಊರಿನಲ್ಲಿ ಗಂಟಿಗೆ ಮದ್ದು ಕೊಡುವವರಿದ್ದಾರೆ, ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡೋಣ ಎಂದು ಅತ್ತೆ ಹೇಳುತ್ತಿದ್ದಾರೆ. ಇದು ಕ್ಯಾನ್ಸರಾ ಡಾಕ್ಟ್ರೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಟೆನ್ಷನ್ನಿಂದ ಕುತ್ತಿಗೆಯಲ್ಲಿ ಗಂಟು ಬರುವುದಿಲ್ಲ. ನಿದ್ದೆ ಕೆಡಬಹುದು, ಹಸಿವು ಹೋಗಬಹುದು. ಆದರೆ ಕೈಗೆ ಸಿಗುವ ಗಂಟು, ಸಂಜೆಯ ಜ್ವರ, ಮೂರೇ ತಿಂಗಳಲ್ಲಿ ನಾಲ್ಕು ಕಿಲೋ ಇಳಿತ, 62ರ ಇಎಸ್‌ಆರ್ ಇವು ಮನಸ್ಸಿನ ಭ್ರಮೆಯಲ್ಲ. ನಿಮಗೆ ಏನೋ ಆಗಿದೆ ಎಂಬ ನಿಮ್ಮ ಅನಿಸಿಕೆ ಸರಿಯಾಗಿಯೇ ಇದೆ. ಅದನ್ನು ಯಾರ ಮಾತಿಗೂ ಬಿಟ್ಟುಕೊಡಬೇಡಿ.

ಗಂಟಲು, ಹಲ್ಲು, ತಲೆಯ ಚರ್ಮ ಎಲ್ಲಿ ಸೋಂಕಾದರೂ ಹತ್ತಿರದ ಲಿಂಫ್ ಗ್ರಂಥಿ ಊದುತ್ತದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಕುತ್ತಿಗೆಯಲ್ಲಿ ಒಂದು ಸೆಂಟಿಮೀಟರ್‌ಗಿಂತ ದೊಡ್ಡದಾಗಿ, ಆರು ವಾರ ದಾಟಿಯೂ ಉಳಿದರೆ ಕಾರಣ ಹುಡುಕಲೇಬೇಕು. ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಗಂಟು ಸಿಕ್ಕರಂತೂ ಅಳತೆ ನೋಡುತ್ತಾ ಕೂರಬಾರದು. ನಿಮ್ಮದು ಮೂರು ತಿಂಗಳಾಗಿದೆ.

ಇದು ಕ್ಯಾನ್ಸರಾ ಎಂದು ಕೇಳಿದ್ದೀರಿ. ಪತ್ರ ಓದಿ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಆದರೆ ಮುಂಬಯಿಯಲ್ಲಿರುವ, ನಿಮ್ಮ ವಯಸ್ಸಿನ ಹೆಣ್ಣುಮಗಳಿಗೆ ಇಷ್ಟು ಲಕ್ಷಣಗಳಿದ್ದರೆ ನನ್ನ ಮನಸ್ಸಿಗೆ ಮೊದಲು ಬರುವುದು ಟಿಬಿ, ಹಳಬರು ಗಂಡಮಾಲೆ ಎನ್ನುತ್ತಿದ್ದ ಗ್ರಂಥಿಯ ಕ್ಷಯ. ಶ್ವಾಸಕೋಶದ ಆಚೆಗೆ ಬರುವ ಟಿಬಿಯಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕೆಮ್ಮು ಇರಬೇಕೆಂದಿಲ್ಲ, ಎಕ್ಸ್‌ರೇ ಸ್ವಚ್ಛವಾಗಿಯೇ ಇರಬಹುದು. ಎರಡನೆಯದು ಲಿಂಫೋಮಾ, ಅಂದರೆ ಈ ಗ್ರಂಥಿಗಳದೇ ಕ್ಯಾನ್ಸರ್. ಜ್ವರ, ಬಟ್ಟೆ ತೋಯುವಷ್ಟು ಬೆವರು, ಆರು ತಿಂಗಳಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತೂಕ ಇಳಿಯುವುದು ಅದರಲ್ಲೂ ಉಂಟು. ಹೆದರಬೇಡಿ ಎಂದು ಸುಮ್ಮನೆ ಹೇಳುತ್ತಿಲ್ಲ: ಎಳೆಯ ವಯಸ್ಸಿನಲ್ಲಿ ಬರುವ ಹಾಜ್‌ಕಿನ್ ಲಿಂಫೋಮಾ ಬಹುಪಾಲು ಪೂರ್ತಿ ಗುಣವಾಗುವ ಕ್ಯಾನ್ಸರ್. ಮೂರನೆಯದರ ಹೆಸರನ್ನು ಅನೇಕರು ಕೇಳಿಯೇ ಇರುವುದಿಲ್ಲ: ಕಿಕುಚಿ ಕಾಯಿಲೆ. 1972ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಿದ್ದು. ಏಷ್ಯಾದ ಯುವತಿಯರಲ್ಲಿ ಕುತ್ತಿಗೆ ಗಂಟು, ಜ್ವರ ತಂದು, ಹೆಚ್ಚಾಗಿ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಇದನ್ನು ಟಿಬಿ ಎಂದು ತಪ್ಪು ತಿಳಿದು ಆರು ತಿಂಗಳು ಮಾತ್ರೆ ನುಂಗಿಸಿಬಿಡುವ ಅಪಾಯವಿದೆ. ಲೂಪಸ್ (ದೇಹದ ರಕ್ಷಣಾ ಶಕ್ತಿ ತನ್ನ ಮೇಲೇ ತಿರುಗುವ ಕಾಯಿಲೆ), ಎಚ್‌ಐವಿಯನ್ನೂ ರಕ್ತ ಪರೀಕ್ಷೆಯಲ್ಲಿ ನೋಡಿಬಿಡಬೇಕು.

ಈ ಮೂರನ್ನೂ ಮುಟ್ಟಿ ನೋಡಿ ಬೇರೆ ಮಾಡಲಾಗದು. ಸೂಜಿ ಪರೀಕ್ಷೆಯ ‘ರಿಯಾಕ್ಟಿವ್’ ಎಂಬ ಮಾತಿಗೂ ಇಲ್ಲಿ ಹೆಚ್ಚು ತೂಕವಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು, ಗ್ರಂಥಿಯ ವಿಷಯ ಹಾಗಲ್ಲ. ಸೂಜಿಯಲ್ಲಿ ಬರುವುದು ಬಿಡಿಬಿಡಿ ಕಣಗಳು. ಲಿಂಫೋಮಾ ಇದೆಯೋ ಇಲ್ಲವೋ ಎನ್ನಲು ಆ ಕಣಗಳು ಗ್ರಂಥಿಯೊಳಗೆ ಹೇಗೆ ಜೋಡಿಸಿಕೊಂಡಿವೆ ಎಂಬುದನ್ನು ನೋಡಬೇಕು. ಅದಕ್ಕೆ ಇಡೀ ಗ್ರಂಥಿಯನ್ನೇ ತೆಗೆದು ಪರೀಕ್ಷಿಸುವ ಬಯಾಪ್ಸಿ ಬೇಕು. ನಿಮಗೆ ಈಗ ಆಗಬೇಕಾದ್ದು ಅದು. ಇನ್ನೊಂದು ಆ್ಯಂಟಿಬಯಾಟಿಕ್ ಕೋರ್ಸ್ ಅಲ್ಲ.

ಚಿಕ್ಕ ಶಸ್ತ್ರಕ್ರಿಯೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಗಾಯದ ಗುರುತು ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕುತ್ತಿಗೆಯಲ್ಲಿ ಹೆಗಲನ್ನೆತ್ತುವ ನರ ಹಾದುಹೋಗುವುದರಿಂದ ಅನುಭವವಿರುವ ಸರ್ಜನ್ ಬಳಿಯೇ ಮಾಡಿಸಿ. ಮೊದಲು ಸೋನೋಗ್ರಫಿ ಮಾಡಿ ಯಾವ ಗಂಟು ತೆಗೆಯಬೇಕೆಂದು ಗುರುತಿಸಲಿ.

ಈಗ ಹೇಳುವುದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ತೆಗೆದ ಗ್ರಂಥಿಯನ್ನು ಎರಡು ಡಬ್ಬಿಗೆ ಹಂಚಬೇಕು. ಒಂದು ಭಾಗ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಪ್ಯಾಥಾಲಜಿಗೆ, ಇನ್ನೊಂದು ಭಾಗ ಬರಿಯ ಸಲೈನ್‌ನಲ್ಲಿ ಟಿಬಿ ಕಲ್ಚರ್ (ರೋಗಾಣು ಬೆಳೆಸಿ ನೋಡುವುದು) ಮತ್ತು ಸಿಬಿನಾಟ್ (ರೋಗಾಣುವಿನ ಜೀನ್ ಹುಡುಕುವ) ಪರೀಕ್ಷೆಗೆ. ಪೂರ್ತಿ ಫಾರ್ಮಲಿನ್‌ಗೆ ಹಾಕಿದರೆ ಟಿಬಿ ರೋಗಾಣು ಸತ್ತುಹೋಗಿ ಕಲ್ಚರ್ ಮಾಡಲು ಏನೂ ಉಳಿಯುವುದಿಲ್ಲ. ಟಿಬಿ ಎಂದು ಗೊತ್ತಾಗಬಹುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಗೊತ್ತಾಗದು. ಔಷಧಕ್ಕೆ ಬಗ್ಗದ ಟಿಬಿ ಬೇರೂರಿರುವ ಮುಂಬಯಿಯಲ್ಲಿ ಇದು ಸಣ್ಣ ವಿಷಯವಲ್ಲ. ಆಪರೇಷನ್‌ಗೆ ಮುನ್ನ ನೀವೇ ಕೇಳಿ, ಯಜಮಾನರ ಕೈಯಲ್ಲೂ ಕೇಳಿಸಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ಸ್ಟೀರಾಯ್ಡ್‌ಗೆ ಗಂಟು ಕರಗಿದ್ದು ಒಳ್ಳೆಯ ಸೂಚನೆಯೆಂದು ತಿಳಿಯಬೇಡಿ. ಲಿಂಫೋಮಾ ಕೂಡ ಅದಕ್ಕೆ ಕೆಲವು ದಿನ ಕುಗ್ಗುತ್ತದೆ, ಆಗ ಬಯಾಪ್ಸಿ ಮಾಡಿದರೆ ರೋಗ ಕಣ್ಣಿಗೆ ಬೀಳದೆ ಹೋಗಬಹುದು. ಲಿವೋಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್ ಹೀಗೆಯೇ ಟಿಬಿಯನ್ನು ಮರೆಮಾಡುತ್ತದೆ. ಏನೇನು ನುಂಗಿದ್ದೀರೋ ಅದರ ಚೀಟಿಗಳನ್ನೆಲ್ಲ ಸರ್ಜನ್‌ಗೆ ತೋರಿಸಿ, ರಿಸಲ್ಟ್ ಬರುವವರೆಗೆ ಇವೆರಡನ್ನೂ ಮತ್ತೆ ಶುರುಮಾಡಬೇಡಿ. ರಕ್ತದಲ್ಲಿ ಮಾಡುವ ‘ಟಿಬಿ ಗೋಲ್ಡ್’ಗೆ ದುಡ್ಡು ಸುರಿಯುವುದೂ ಬೇಡ. ರೋಗಾಣು ಎಂದೋ ಒಳಹೊಕ್ಕಿದೆ ಎಂದಷ್ಟೇ ಅದು ಹೇಳುತ್ತದೆ, ಈ ಗಂಟು ಅದರದೇ ಎಂದು ಹೇಳುವುದಿಲ್ಲ.

ಎಲ್ಲಿ ಮಾಡಿಸುವುದು? ಡೊಂಬಿವಲಿಯಿಂದ ಒಂದೇ ಲೈನಿನಲ್ಲಿ ಸಾಯನ್ ಆಸ್ಪತ್ರೆ ಇದೆ, ಪರೇಲ್‌ನಲ್ಲಿ ಇಳಿದರೆ ಕೆಇಎಂ ಆಸ್ಪತ್ರೆ. ಮೊದಲು ಮೆಡಿಸಿನ್ ಒಪಿಡಿಗೆ ಹೋಗಿ. ಕ್ಯೂ ಉದ್ದವಿರುತ್ತದೆ, ಅರ್ಧ ದಿನ ರಜೆ ಸಾಲದು. ಲಿಂಫೋಮಾ ಎಂದು ಬಂದರೆ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಕೆಇಎಂನಿಂದ ಹತ್ತಿರ. ಟಿಬಿ ಎಂದು ಬಂದರೆ ಸರ್ಕಾರದಿಂದ ಔಷಧ ಉಚಿತ, ಆರೈಕೆಯ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ, ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಶ್ವಾಸಕೋಶದಲ್ಲಿ ಇಲ್ಲದಿದ್ದರೆ ಅದು ಮನೆಯವರಿಗೆ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಿಲ್ಲ, ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಅವರಿಗೆ ನಿಮ್ಮ ಮೇಲೆ ಅಕ್ಕರೆಯಿದೆ, ಅದು ಗೊತ್ತಾಗುತ್ತದೆ. ಆದರೂ ಗಂಟಿಗೆ ಲೇಪ ಬೇಡ. ಟಿಬಿ ಗಂಟಿನ ಮೇಲೆ ಚರ್ಮ ಸುಡುವ ಮದ್ದು ಬಿದ್ದರೆ ಒಡೆದು, ತಿಂಗಳುಗಟ್ಟಲೆ ಸೋರುವ ಹುಣ್ಣಾಗುತ್ತದೆ. ಬಯಾಪ್ಸಿ ಆಗಿ ರಿಸಲ್ಟ್ ಕೈಗೆ ಬಂದ ಮೇಲೆ ಊರಿಗೆ ಧಾರಾಳವಾಗಿ ಹೋಗಿ ಬನ್ನಿ.

ಈ ನಡುವೆ ದಿನಾ ಸಂಜೆ ಥರ್ಮಾಮೀಟರ್ ಇಟ್ಟು ಜ್ವರ ಬರೆದಿಡಿ, ವಾರಕ್ಕೊಮ್ಮೆ ತೂಕ ನೋಡಿ. ಮಲಗಿದರೆ ಉಸಿರು ಕಟ್ಟುವುದು, ಮುಖ ಊದಿಕೊಳ್ಳುವುದು ಕಂಡರೆ ಒಪಿಡಿಗೆ ಕಾಯದೆ ಆ ಹೊತ್ತೇ ಕ್ಯಾಶುವಲ್ಟಿಗೆ ಹೋಗಿ.

ಪ್ರಶ್ನೆ: ತಮ್ಮನಿಗೆ ಕುತ್ತಿಗೆ ಗ್ರಂಥಿಯ ಟಿಬಿ. ಎರಡು ತಿಂಗಳಿಂದ ಮಾತ್ರೆ ತಪ್ಪಿಸಿಲ್ಲ. ಜ್ವರ ಹೋಗಿದೆ, ಊಟ ಸೇರುತ್ತಿದೆ, ಆದರೆ ಒಂದು ಗಂಟು ಈಗ ಮೊದಲಿಗಿಂತ ದೊಡ್ಡದಾಗಿದೆ. ಔಷಧ ಹಿಡಿಯುತ್ತಿಲ್ಲವೇ?
– ಒಬ್ಬ ಅಕ್ಕ, ಪುಣೆ

ಉತ್ತರ: ಔಷಧ ಹಿಡಿಯುತ್ತಿರುವಾಗಲೂ ಕೆಲವರಿಗೆ ಗಂಟು ಊದುತ್ತದೆ, ಹೊಸದೂ ಏಳಬಹುದು. ಸತ್ತ ರೋಗಾಣುಗಳ ವಿರುದ್ಧ ದೇಹ ತೋರುವ ಪ್ರತಿಕ್ರಿಯೆ ಅದು. ಜ್ವರ ಇಳಿದು ತೂಕ ಏರುತ್ತಿದ್ದರೆ ನನ್ನ ಒಲವು ಆ ಕಡೆಗೇ. ಮಾತ್ರೆ ಒಂದು ದಿನವೂ ನಿಲ್ಲಿಸಬೇಡಿ. ಆದರೆ ಮೊದಲ ಸಲ ಸಿಬಿನಾಟ್ ಆಗಿತ್ತೇ, ಮುಖ್ಯ ಟಿಬಿ ಔಷಧ ರಿಫಾಂಪಿಸಿನ್‌ಗೆ ಬಗ್ಗುವ ಟಿಬಿ ಎಂದು ಅದರಲ್ಲಿ ಬಂದಿತ್ತೇ ಎಂದು ಹಳೆಯ ಫೈಲ್ ತೆಗೆದು ನೋಡಿ. ಆಗಿರದಿದ್ದರೆ ಆ ಗಂಟಿನಿಂದ ಈಗಲೇ ಸ್ಯಾಂಪಲ್ ತೆಗೆಸಿ ಕಳಿಸಿ.