ಎತ್ತರದ ಹುಡುಗ ರಿಂಗ್ ಕೆಳಗ ನಿಂತರ ಸಾಕೇನು?

ವಿಜಯಪುರದ ಅಣ್ಣಾರ, ಬಾಸ್ಕೆಟ್‌ಬಾಲ್ ಆಡೋ ಎತ್ತರದ ಮಗನಿಗೆ ದೂರದ ಶಾಟ್ ಯಾಕ ಕಲಿಸಬೇಕು ಅಂತ ಕೇಳೀರಿ. ಕಲಿಸಲೇಬೇಕ್ರಿ. ಮೊದಲು ಸೆಂಟರ್ (ತಂಡದಾಗ ಸಾಮಾನ್ಯವಾಗಿ ಎಲ್ಲಾರಿಗಿಂತ ಎತ್ತರದ ಆಟಗಾರ) ಅಂದ್ರ ರಿಂಗ್ ಕೆಳಗಿನ ಆಟನ. ಆ ಕಾಲದ ಎತ್ತರದ ಸೆಂಟರ್ ಜಾರ್ಜ್ ಮೈಕನ್‌ನ ತಡಿಯಾಕ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 1951ರಾಗ ರಿಂಗ್ ಮುಂದಿನ ಲೇನ್ (ದಾಳಿ ಮಾಡೋರು ಭಾಳ ಹೊತ್ತು ನಿಲ್ಲಬಾರದ ಪಟ್ಟಿ) 6 ಅಡಿ ಅಗಲ ಇದ್ದದ್ದನ್ನ 12 ಅಡಿ ಮಾಡಿತು, 1964ರಾಗ 16. 2001ರಾಗ ಝೋನ್ ಡಿಫೆನ್ಸ್‌ಗೆ (ಒಬ್ಬೊಬ್ಬ ಆಟಗಾರನ ಬದಲು ಜಾಗ ಕಾಯೋ ರಕ್ಷಣೆ) ಅವಕಾಶ ಕೊಟ್ಟ ಮ್ಯಾಲ, ರಿಂಗಿಗೆ ಬೆನ್ನು ಕೊಟ್ಟು ಆಡೋ ಸೆಂಟರ್‌ನ ಇಬ್ಬರು ಮುತ್ತೋದು ಸಲೀಸಾತು. ಅದಕ್ಕ ಸೆಂಟರ್‌ಗಳೂ ದೂರದಿಂದ ಎಸಿಯಾಕ ಹತ್ತಿದ್ರು: ಸೆಂಟರ್ ಬ್ರೂಕ್ ಲೋಪೆಜ್ ಮೊದಲ 8 ಸೀಸನ್‌ನಾಗ ಹಾಕಿದ್ದು 3 ತ್ರೀ-ಪಾಯಿಂಟರ್ (ದೂರದ ಗೆರಿ ಹೊರಗಿನಿಂದ ಹಾಕೋ ಮೂರು ಪಾಯಿಂಟಿನ ಶಾಟ್), 2016-17ರ ಒಂದ ಸೀಸನ್‌ನಾಗ 134! ಇನ್ನೊಬ್ಬ ಸೆಂಟರ್ ಯೋಕಿಚ್ ಅಂತೂ ಪಾಸ್‌ನಿಂದನ ಇಡೀ ತಂಡ ಆಡಸ್ತಾನ, ಅದ ನನಗ ಭಾಳ ಚಂದ ಕಾಣ್ತದ.

ಅವಸರ ಮಾತ್ರ ಬ್ಯಾಡ್ರಿ. ಮೊದಲು ಎರಡೂ ಕೈಲೆ ಮೈಕನ್ ಡ್ರಿಲ್ (ರಿಂಗ್ ಕೆಳಗ ಎಡಕ್ಕ-ಬಲಕ್ಕ ಸರದು ಚೆಂಡು ಹಾಕೋ ಅಭ್ಯಾಸ), ಆಮ್ಯಾಲ ಫ್ರೀ ಥ್ರೋ ಗೆರಿ (ಫೌಲ್ ಆದಾಗ ನಿಂತು ಎಸಿಯೋ ಗೆರಿ). ಒಮ್ಮೆಲೆ 6.75 ಮೀಟರ್ ದೂರದ ತ್ರೀ-ಪಾಯಿಂಟ್ ಗೆರಿಗೆ ನಿಲ್ಲಿಸಿದ್ರ, ಕಾಲಿನ ಬಲ ಸಾಲದೆ, ಭುಜದಿಂದ ಎಸಿಯೋ ಚಟ ಬೀಳ್ತದ. ಅದನ್ನ ಬಿಡಸೋದು ಭಾಳ ಕಷ್ಟ.